ತೊಟ್ಟು ಬಿಡದ ಲಗಮವ್ವ

ಲಗಮವ್ವನ ಪ್ರಕಾರ ಇಂಗ್ಲಿಷಿನ ಮೊದಲನೆಯ ಅಕ್ಷರದ ಹೆಸರು ಗುಡಿಸಲು. ಎರಡನೆಯದು ಎರಡು ಹೊಟ್ಟೆ, ಮೂರನೆಯದು ಕುಡಗೋಲು, ನಾಲ್ಕನೆಯದು ಬಿಲ್ಲು. ಐದನೆಯದು ಬಾಚಣಿಗೆ, ಅದೇ ಬಾಚಣಿಗೆಯ ಕೆಳಗಿನ ಹಲ್ಲು ಮುರಿದರೆ ಆರನೆಯದು. ಏಳನೆಯದು ಹಿಡಿ ಇರುವ ಕುಡಗೋಲು, ಎಂಟನೆಯದು ಏಣಿ. ಅಲ್ಲಿಗೆ ಆಕೆಯ ವರ್ಣಮಾಲೆ ಮುಗಿಯುತ್ತಿತ್ತು. ಜೀವನವಿಡೀ ಮಕ್ಕಳಿಗೆ ಅಕ್ಷರ ತಿದ್ದಿಸಿದವಳು ನಾನು, ಇಷ್ಟು ಚೆಂದದ ವರ್ಣಮಾಲೆಯನ್ನು ಬೇರೆಲ್ಲೂ ಕಂಡಿಲ್ಲ.

ಅದು ಮೊದಲ ಸಲ ನನ್ನ ಕಿವಿಗೆ ಬಿದ್ದದ್ದು ಮುಂಬಯಿಯ ಮಲಾಡ್ ಮಾರ್ಕೆಟ್ಟಿನಲ್ಲಿರುವ ಒಂದು ಆಟಿಕೆ ಅಂಗಡಿಯಲ್ಲಿ. ನಾನಾಗ ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಶಿಕ್ಷಕಿ. ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ಬಹುಮಾನ ಕೊಡಲು ಬಣ್ಣದ ಪೆನ್ಸಿಲ್ಲು ಹುಡುಕುತ್ತ ಒಳಗೆ ಹೋಗಿದ್ದೆ. ಅಂಗಡಿಯ ಸೇಠ್ ಅಟ್ಟದಿಂದ ಪೆಟ್ಟಿಗೆ ಇಳಿಸುತ್ತಿದ್ದಾಗ ಮೆಟ್ಟಿಲ ಕೆಳಗಿನಿಂದ ಯಾರೋ ಗೊಣಗುವುದು ಕೇಳಿಸಿತು.

“ಎರಡು ಹೊಟ್ಟಿ ಹದಿನಾಲ್ಕು... ಎರಡು ಹೊಟ್ಟಿ ಹದಿನಾಲ್ಕು... ಎಲ್ಲಿ ಅಡಗಿ ಕುಂತಿಯೋ ನಮ್ಮಪ್ಪಾ?”

ಮಲಾಡಿನಲ್ಲಿ ಕನ್ನಡ ಕಿವಿಗೆ ಬೀಳುವುದೇನೂ ಅಪರೂಪವಲ್ಲ. ಆದರೆ ಎರಡು ಹೊಟ್ಟೆ ಹದಿನಾಲ್ಕು ಎಂದರೇನು? ಬಗ್ಗಿ ನೋಡಿದೆ. ಅರವತ್ತರ ಹತ್ತಿರದ ಹೆಂಗಸೊಬ್ಬಳು ಸ್ಟೂಲಿನ ಮೇಲೆ ಕುಳಿತಿದ್ದಳು. ಹಣೆಯಲ್ಲಿ ಹಚ್ಚೆಯ ಬೊಟ್ಟು, ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿದ ಸೆರಗು, ಕೈಯಲ್ಲಿ ಸಣ್ಣದೊಂದು ಕಟರ್. ಬಗಲಿಗೆ ಕಸಬರಿಗೆ ಒರಗಿತ್ತು. ಮುಂದಿನ ಮರದ ಹಲಗೆಯ ಮೇಲೆ ಗೇಣುದ್ದದ ಒಂದು ರೋಬೋ. ತಲೆ ಇನ್ನೂ ಬಂದಿರಲಿಲ್ಲ, ಆದರೂ ಎದೆ ಸೆಟೆಸಿ ನಿಂತಿತ್ತು.

ಜಪಾನಿನ ಅನಿಮೆ ಕಾರ್ಟೂನುಗಳಲ್ಲಿ ಬರುವ ಯುದ್ಧದ ರೋಬೋಗಳು ಅವು. ಡಬ್ಬಿಯಲ್ಲಿ ಬಿಡಿಬಿಡಿಯಾಗಿ ಬರುತ್ತವೆ. ಪ್ಲಾಸ್ಟಿಕ್ಕಿನ ಚೌಕಟ್ಟುಗಳಿಗೆ ನೂರಾರು ತುಣುಕುಗಳು ಅಂಟಿಕೊಂಡಿರುತ್ತವೆ. ಚೌಕಟ್ಟಿಗೊಂದು ಅಕ್ಷರ, ತುಣುಕಿಗೊಂದು ಅಂಕಿ. ಜೊತೆಗೊಂದು ಪುಸ್ತಕ, ಅದರ ತುಂಬ ಚಿತ್ರ. ಚಿತ್ರ ನೋಡಿಕೊಂಡು ತುಣುಕು ಕತ್ತರಿಸಿ, ಒಂದಕ್ಕೊಂದು ಒತ್ತಿ ಕೂರಿಸಿದರೆ ರೋಬೋ ಎದ್ದು ನಿಲ್ಲುತ್ತದೆ. ಹೇಳುವುದು ಸುಲಭ. ನಾನು ಒಂದು ಸಲ ಪ್ರಯತ್ನಿಸಿದಾಗ ಅರ್ಧ ಅಂಗೈ ಜೋಡಿಸುವಷ್ಟರಲ್ಲಿ ಕುತ್ತಿಗೆ ಹಿಡಿದುಕೊಂಡಿತ್ತು. ಕಾಲೇಜು ಮುಗಿಸಿದವರು, ಆಫೀಸಿಗೆ ಹೋಗುವವರು ತಿಂಗಳುಗಟ್ಟಲೆ ಇದರಲ್ಲಿ ಮುಳುಗಿರುತ್ತಾರೆ. ಲಗಮವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಕನ್ನಡವೂ ಓದಲು ಬಾರದು. ಅಂಕಿ ಮಾತ್ರ ಬರುತ್ತಿತ್ತು. ಮುಂಬಯಿಯಲ್ಲಿ ಮೂವತ್ತು ವರ್ಷ ಬಸ್ಸು ಹಿಡಿದವರಿಗೆ ಅಂಕಿ ಬಾರದೆ ಇರುತ್ತದೆಯೇ?

ಆಕೆ ಜಮಖಂಡಿ ಕಡೆಯವಳು. ಗಂಡನ ಜೊತೆ ಬಂದು ಪರೇಲಿನಲ್ಲಿ ಗಿರಣಿಗಳನ್ನು ಕೆಡವಿದ ಜಾಗದಲ್ಲಿ ಎದ್ದ ಕಟ್ಟಡಗಳಿಗೆ ಗಾರೆ ಹೊತ್ತಳು. ಗಂಡ ತೀರಿಕೊಂಡ, ಬೆನ್ನು ಕೈಕೊಟ್ಟಿತು, ಈ ಅಂಗಡಿಯಲ್ಲಿ ಕಸ ಗುಡಿಸುವ ಕೆಲಸ ಹಿಡಿದಳು. ಒಮ್ಮೆ ಗಿರಾಕಿಯೊಬ್ಬ ಅರ್ಧ ಜೋಡಿಸಿದ ಡಬ್ಬಿಯನ್ನು ತಂದು ಕೌಂಟರಿನ ಮೇಲೆ ಕುಕ್ಕಿ, ಇದು ಮನುಷ್ಯರು ಮಾಡುವ ಕೆಲಸವಲ್ಲ ಎಂದು ಹೇಳಿ ಹೋದನಂತೆ. ಸೇಠ್ ಅದನ್ನು ಕಸಕ್ಕೆ ಹಾಕಲು ಹೇಳಿದ. ಲಗಮವ್ವ ಕಸಕ್ಕೆ ಹಾಕಲಿಲ್ಲ. ದಿನಾ ರೊಟ್ಟಿ ತಿಂದ ಮೇಲೆ ಉಳಿಯುವ ಅರ್ಧ ಗಂಟೆಯಲ್ಲಿ ಪುಟ ತಿರುವಿ ತಿರುವಿ, ಹನ್ನೆರಡನೆಯ ದಿನ ರೋಬೋವನ್ನು ಸೇಠನ ಗಲ್ಲಾಪೆಟ್ಟಿಗೆಯ ಮೇಲೆ ನಿಲ್ಲಿಸಿದಳು. ಸೇಠ್ ಮೂಗಿನ ಮೇಲೆ ಬೆರಳಿಟ್ಟ. ಅಂದಿನಿಂದ ಬೆಳಿಗ್ಗೆ ಕಸಬರಿಗೆ, ಮಧ್ಯಾಹ್ನದ ಮೇಲೆ ಕಟರ್. ಅಂಗಡಿಯ ಗಾಜಿನ ಕಪಾಟಿನಲ್ಲಿ ನಿಂತಿದ್ದ ರೋಬೋಗಳೆಲ್ಲ ಆಕೆಯ ಕೈಯವು.

“ನಾ ಓದಿದ ಪುಸ್ತಕ ಇವಾ ನೋಡ್ರಿ ಅಕ್ಕೋರ,” ಎಂದು ಆಕೆ ಹೊಲಿಗೆ ಬಿಚ್ಚಿದ ಆ ಚಿತ್ರದ ಪುಸ್ತಕಗಳನ್ನು ತೋರಿಸುತ್ತಿದ್ದಳು. “ಮೊದಲನೇ ಹಾಳಿಯಿಂದ ಕಡೀ ಹಾಳಿ ಮಟ.” ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎನ್ನುವುದು ರೂಢಿ. ಮುಂಬಯಿಯಲ್ಲಿ ಎಲ್ಲರಿಗೂ ಟೀಚರ್ ಆಗಿದ್ದ ನಾನು ಆಕೆಯ ಬಾಯಲ್ಲಿ ಅಕ್ಕೋರಾದೆ. ಆ ಒಂದು ಮಾತಿಗಾಗಿಯೇ ವಾರಕ್ಕೊಮ್ಮೆ ಶಾಲೆಯಿಂದ ದಹಿಸರಿನ ಮನೆಗೆ ಹೋಗುವ ದಾರಿಯಲ್ಲಿ ಮಲಾಡಿನಲ್ಲಿ ಇಳಿಯತೊಡಗಿದೆ. ಪೆನ್ಸಿಲ್ಲಿನ ನೆಪ ಬೇಗ ಮುಗಿಯಿತು, ಹೋಗುವುದು ಮುಗಿಯಲಿಲ್ಲ.

ರೋಬೋಗಳನ್ನು ಆಕೆ ಪೈಲ್ವಾನರು ಎನ್ನುತ್ತಿದ್ದಳು. ಬೇರೆ ಅಂಗಡಿಗಳಲ್ಲಿ ಈ ರೋಬೋಗಳು ಕವಾಯತಿಗೆ ನಿಂತ ಪೊಲೀಸರಂತೆ ನೆಟ್ಟಗೆ ನಿಂತಿರುತ್ತವೆ. ಲಗಮವ್ವನ ಪೈಲ್ವಾನರು ಹಾಗಲ್ಲ. ಒಬ್ಬ ಮೊಣಕಾಲನ್ನು ತುಸು ಮಡಿಸಿ ಭಾರವನ್ನೆಲ್ಲ ಹಿಂಗಾಲಿಗೆ ಬಿಟ್ಟಿದ್ದಾನೆ. ಇನ್ನೊಬ್ಬ ತೊಡೆ ತಟ್ಟಲು ಅಂಗೈ ಎತ್ತಿದ್ದಾನೆ. ಮತ್ತೊಬ್ಬ ಎದುರಾಳಿಯ ಸೊಂಟವನ್ನೇ ದಿಟ್ಟಿಸುತ್ತ ಕುತ್ತಿಗೆ ತಗ್ಗಿಸಿದ್ದಾನೆ. ಪ್ಲಾಸ್ಟಿಕ್ಕಿಗೆ ಭಾರವೇ ಇಲ್ಲ, ಆದರೂ ಅವರ ಕಾಲ ಕೆಳಗಿನ ಗಾಜು ಒಡೆದೀತು ಎನಿಸುತ್ತಿತ್ತು. ದೂರದೂರದಿಂದ ಬಂದ ಹವ್ಯಾಸಿಗಳು ಕಪಾಟಿನ ಮುಂದೆ ಮಾತಿಲ್ಲದೆ ನಿಲ್ಲುವುದನ್ನು ನಾನೇ ಕಂಡಿದ್ದೇನೆ. ಈ ನಿಲುವುಗಳನ್ನು ಎಲ್ಲಿ ಕಲಿತಿರಿ ಎಂದು ಕೇಳಿದೆ.

“ನಮ್ಮಪ್ಪ ಗರಡಿಮನಿ ಕಸಾ ಹೊಡೀತಿದ್ದ್ರಿ. ಹೆಣ್ಣಮಕ್ಕಳನ್ನ ಒಳಗ ಬಿಡಂಗಿಲ್ಲಲ್ರಿ. ಬಾಗಲದ ಕೆಳಗ ಸಂದಿ ಇತ್ತು, ಅದರಾಗ ನೋಡ್ತಿದ್ದೆ. ಬರೇ ಕಾಲು ಕಾಣ್ತಿದ್ದು. ಕಾಲು ನೋಡೇ ಹೇಳ್ತಿದ್ದೆ, ಯಾರು ಬೀಳ್ತಾರ ಅಂತ.”

ಆಕೆಯ ಕೆಲಸದ ಮಾತುಗಳೂ ಹೊಲದಿಂದ ಬಂದವು. ಚೌಕಟ್ಟು ಎಂದರೆ ಬಳ್ಳಿ, ತುಣುಕು ಎಂದರೆ ಕಾಯಿ. ಬಳ್ಳಿಯಿಂದ ಕಾಯಿ ಕತ್ತರಿಸಿದಲ್ಲಿ ಉಳಿಯುವ ಸಾಸಿವೆಯಷ್ಟು ಪ್ಲಾಸ್ಟಿಕ್ಕೇ ತೊಟ್ಟು. ಆಕೆಗೆ ಲೋಕದಲ್ಲಿ ವೈರಿ ಅಂತ ಇದ್ದರೆ ಈ ತೊಟ್ಟು. “ಒಮ್ಮೆಲೇ ಬುಡಕ್ಕ ಕತ್ತರಸಬಾರದ್ರಿ, ಕಾಯಿ ಬೆಳ್ಳಗಾಗಿ ಗಾಯ ಆಕ್ಕೈತಿ. ಮೊದಲ ತೊಟ್ಟು ಉದ್ದ ಬಿಡಬೇಕು. ಆಮ್ಯಾಲ ತೊಟ್ಟು ತಗೀಬೇಕು. ಆಮ್ಯಾಲ ಕಾಗದಲೆ ತಿಕ್ಕಬೇಕು. ಎಲ್ಲಿತ್ತು ತೊಟ್ಟು ಅಂತ ಅದನ್ನ ಮಾಡಿದಾವಗೂ ತಿಳೀಬಾರದು.” ಉಜ್ಜುಕಾಗದದಿಂದ ತಿಕ್ಕಿ, ಕಾಯಿಯನ್ನು ಕೆಳತುಟಿಗೆ ತಾಗಿಸಿ ನೋಡುವಳು. ಬೆರಳು ಗಾರೆ ಹೊತ್ತು ದಡ್ಡುಗಟ್ಟಿದ್ದವು, ಅವುಗಳ ಮೇಲೆ ನಂಬಿಕೆ ಇರಲಿಲ್ಲ. ತುಟಿಗೆ ನುಣುಪು ಎನಿಸಿದರೆ ಮಾತ್ರ ಆ ಕಾಯಿ ಪೈಲ್ವಾನನ ಮೈ ಸೇರುತ್ತಿತ್ತು.

ಜಪಾನಿ ಬರಹದಲ್ಲಿ ಆಕೆ ಗುರುತಿಸುತ್ತಿದ್ದದ್ದು ಎರಡೇ ಎರಡು ಅಕ್ಷರ, ಎಡ ಮತ್ತು ಬಲ. ಎರಡೂ ನೋಡಲು ಅಣ್ಣತಮ್ಮಂದಿರು. ಬಲ ಎನ್ನುವ ಅಕ್ಷರದ ಕೆಳಗೆ ಪುಟ್ಟದೊಂದು ಚೌಕ ಇರುತ್ತದೆ. “ಡಬ್ಬಿ ಐತಲ್ರಿ, ಅದು ಬಲಗೈ. ಊಟದ ಡಬ್ಬಿ ಉಣ್ಣೋದು ಯಾವ ಕೈಲೆ?” ಎಂದು ಆಕೆಯ ವಿವರಣೆ. ಜಪಾನಿ ಕಲಿಯುತ್ತಿದ್ದ ಹುಡುಗಿಯೊಬ್ಬಳು ಒಂದು ದಿನ ಅಂಗಡಿಗೆ ಬಂದಾಗ ನಾನು ಈ ಡಬ್ಬಿಯ ಕತೆ ಹೇಳಿದೆ. ಅವಳು ಕಣ್ಣರಳಿಸಿ, “ಆಂಟೀ, ವೋ ಡಬ್ಬಾ ನಹೀ ಹೈ, ಮುಹ್ ಹೈ,” ಅಂದಳು. ಆ ಚೌಕಕ್ಕೆ ಜಪಾನಿಯಲ್ಲಿ ಬಾಯಿ ಎಂದು ಅರ್ಥವಂತೆ. ಲಗಮವ್ವ ತಲೆ ಎತ್ತಲೂ ಇಲ್ಲ. “ಮತ್ತ? ಡಬ್ಬ್ಯಾಗಿಂದು ಬಾಯಿಗೇ ಹೋಗೋದಲ್ಲೇನು?” ಎಂದು ಮುಂದಿನ ಕಾಯಿಗೆ ಕೈ ಹಾಕಿದಳು.

ಶಿಕ್ಷಕಿಯ ಚಟ ಸುಮ್ಮನಿರುತ್ತದೆಯೇ? ಈಕೆಗೆ ಸರಿಯಾದ ಅಕ್ಷರ ಕಲಿಸಿಬಿಡಬೇಕು ಎಂದು ಹೊರಟೆ. ಗುಡಿಸಲಿನ ಮೇಲೆ ಬೆರಳಿಟ್ಟು, “ಇದು ಎ,” ಎಂದೆ.

“ಏ ಅಂತ ಗಾರಿ ಕೆಲಸದ ಮುಕಾದಮ ನನ್ನ ಕರೀತಿದ್ದ್ರಿ, ಪರೇಲದಾಗ. ಅದು ಅಕ್ಷರ ಹೆಂಗ ಆಕ್ಕೈತಿ?”

“ಅದು ಬ್ಯಾರೆ, ಇದು ಬ್ಯಾರೆ ಲಗಮವ್ವಾ.”

“ಗುಡಸಲದಾಗ ಮಂದಿ ಇರ್ತಾರ. ನಿಮ್ಮ ‘ಎ’ ಒಳಗ ಯಾರಿರ್ತಾರ?”

ನಾನು ಪಾಠ ಮುಂದುವರಿಸಿದೆ. ಎರಡು ವಾರದ ನಂತರ, ಕಲಿತಿದ್ದಾಳೆ ಎಂಬ ಧೈರ್ಯದಲ್ಲಿ ಪುಸ್ತಕ ಹಿಡಿದು ನಾನೇ ಓದಿ ಹೇಳತೊಡಗಿದೆ. ಬಾಚಣಿಗೆಯ ಚೌಕಟ್ಟಿನ ಹನ್ನೆರಡನೆಯ ತುಣುಕು ಬೇಕಿತ್ತು. “ಈ ಹನ್ನೆರಡು ತಗೋರಿ,” ಎಂದೆ. ಆಕೆ ಕೈಯಲ್ಲಿ ಹಿಡಿದಿದ್ದ ಬಳ್ಳಿಯ ಹನ್ನೆರಡನ್ನೇ ಕತ್ತರಿಸಿದಳು. ಈ ಹದಿಮೂರು ಎಂದೆ, ಅದೇ ಬಳ್ಳಿಯ ಹದಿಮೂರು. ಕಡೆಗೆ ನೋಡಿದರೆ ಪೈಲ್ವಾನನ ಭುಜ ಇರಬೇಕಾದಲ್ಲಿ ಪಾದ ಎದ್ದು ನಿಂತಿದೆ! “ನೀವ ಅಂದ್ರೆಲ್ರೀ, ಈ ಹನ್ನೆರಡು, ಈ ಹದಿಮೂರು ಅಂತ,” ಎಂದಳು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅಂದಿಗೆ ನನ್ನ ಪಾಠ ಮುಗಿಯಿತು. ಆಮೇಲೆ ಆಕೆಯ ಅಕ್ಷರಗಳನ್ನು ನಾನೇ ಕಲಿತೆ. ಬಾಚಣಿಗೆ ಹನ್ನೆರಡು ಎಂದರೆ ತಪ್ಪುವ ಪ್ರಶ್ನೆಯೇ ಇರಲಿಲ್ಲ.

ಪೈಲ್ವಾನನೊಬ್ಬ ಮುಗಿದಾಗಲೆಲ್ಲ ಲಗಮವ್ವ ನನಗಾಗಿ ಕಾಯುತ್ತಿದ್ದಳು. ಸೇಠನ ಹೊಗಳಿಕೆಗೆ ಆಕೆ ಬೆಲೆ ಕೊಡುತ್ತಿರಲಿಲ್ಲ. “ಅಂವ ಮಾರಾವ. ನೀವು ಮಕ್ಕಳ ಪಾಟಿ ತಿದ್ದಾರು. ಹೇಳ್ರಿ, ಹೆಂಗ ಆಗೇತಿ?” ಎಂದು ಪೈಲ್ವಾನನನ್ನು ನನ್ನ ಅಂಗೈ ಮೇಲಿಡುವಳು. ನಾನು ತಿರುಗಿಸಿ ತಿರುಗಿಸಿ ನೋಡಿ “ಭಾಳ ಚಲೋ ಆಗೇದ” ಎಂದ ಮೇಲೆಯೇ ಅದು ಕಪಾಟಿಗೆ ಹೋಗುತ್ತಿತ್ತು. ಮೊದಲ ಕೆಲವು ವರ್ಷ ನಾನು ಸುಳ್ಳು ಹೇಳುವ ಅಗತ್ಯವೇ ಬರಲಿಲ್ಲ.

ಒಮ್ಮೆ ಆಕೆ ಬಿಳಿ ಮತ್ತು ನೀಲಿ ಬಣ್ಣದ ಪೈಲ್ವಾನನೊಬ್ಬನನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ನನ್ನ ಕೈಗಿಟ್ಟು, “ನಿಮ್ಮ ಮನ್ಯಾಗೊಬ್ಬ ಇರ್ಲಿ,” ಎಂದಳು. ತನ್ನದೇ ದುಡಿಮೆಯಲ್ಲಿ ಕೊಂಡ ಡಬ್ಬಿ ಅದು. ಬಿಚ್ಚಿ ನೋಡಿದೆ. ಕಂಕುಳ ಕೆಳಗೊಂದು ತೊಟ್ಟು ಉಳಿದಿತ್ತು. ಮೊಣಕಾಲ ಹಿಂದೆ ಇನ್ನೊಂದು. ಲಗಮವ್ವನ ಕೈಯಿಂದ ತೊಟ್ಟೇ? ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು. “ಭಾಳ ಚಲೋ ಆಗೇದ,” ಎಂದೆ. ಉಡುಗೊರೆ ಕೊಟ್ಟ ಗಳಿಗೆಯಲ್ಲಿ ಮತ್ತೇನು ಹೇಳಲಿ?

ಆಮೇಲೆ ಪ್ರತಿ ಪೈಲ್ವಾನನ ಮೈಮೇಲೂ ತೊಟ್ಟು ಕಾಣತೊಡಗಿತು. ವಯಸ್ಸಾಗುತ್ತಿದೆ, ಪಾಪ, ಹೇಳಿ ಯಾಕೆ ನೋಯಿಸಬೇಕು ಅಂದುಕೊಂಡೆ. ಶಾಲೆಯಲ್ಲಿ ಬಡ ಮಕ್ಕಳ ಬರಹಕ್ಕೆ ಎರಡು ಅಂಕ ಹೆಚ್ಚಿಗೆ ಹಾಕುವ ಮೆದುಮನಸ್ಸು ನನ್ನದು. ಅದನ್ನು ಒಳ್ಳೆಯತನ ಎಂದೇ ತಿಳಿದಿದ್ದೆ. ಎರಡು ವರ್ಷ ಚಲೋ ಆಗೇದ, ಚಲೋ ಆಗೇದ ಎಂದು ಹೇಳುತ್ತಲೇ ಇದ್ದೆ.

ಒಂದು ಮಧ್ಯಾಹ್ನ ಅಂಗಡಿಗೆ ಹೋದಾಗ ಲಗಮವ್ವ ಕೈಕಟ್ಟಿ ಕುಳಿತಿದ್ದಳು. ಹಲಗೆಯ ಮೇಲೆ ಪೈಲ್ವಾನನ ಹಣೆಯ ಚಿನ್ನದ ಬಣ್ಣದ ಕೊಂಬು ಎರಡು ತುಂಡಾಗಿ ಬಿದ್ದಿತ್ತು. ತೊಟ್ಟು ಎಂದು ತಿಳಿದು ಕೊಂಬನ್ನೇ ಕತ್ತರಿಸಿದ್ದಳು. “ಮಬ್ಬ ಮಬ್ಬ ಕಾಣತೈತ್ರಿ ಅಕ್ಕೋರ,” ಎಂದಳು. ಆಕೆಯ ದನಿಯಲ್ಲಿ ಹೆದರಿಕೆ ಕೇಳಿದ್ದು ಅದೇ ಮೊದಲು. ಕೈ ನಿಂತರೆ ಆಕೆಗೆ ಉಳಿಯುವುದು ಕಸಬರಿಗೆ ಮಾತ್ರ ಎಂದು ನನಗೂ ಗೊತ್ತಿತ್ತು.

ಪರೇಲಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎರಡೂ ಕಣ್ಣಿಗೆ ಪೊರೆ. ಡಾಕ್ಟರು ಒಳ್ಳೆಯವರು, ಆದರೆ ಮಾತು ನೇರ: ಇಷ್ಟು ಬಲಿಯಲು ಯಾಕೆ ಬಿಟ್ಟಿರಿ, ಎರಡು ವರ್ಷ ಮೊದಲೇ ಬರಬೇಕಿತ್ತು, ಸುತ್ತಲಿನವರು ಯಾರೂ ಗಮನಿಸಲಿಲ್ಲವೇ ಎಂದು ಕೇಳಿದರು. ನಾನು ಕಿಟಕಿಯ ಕಡೆ ತಿರುಗಿದೆ. ಕಿಟಕಿಯಾಚೆಯ ಎತ್ತರದ ಕಟ್ಟಡದತ್ತ ಕೈ ತೋರಿಸಿ ಲಗಮವ್ವ, “ಅದಕ್ಕ ಗಾರಿ ಹೊತ್ತೀನ್ರಿ, ಈಗ ಮಂಜಿನಾಗ ನಿಂತಂಗ ಕಾಣತೈತಿ,” ಎನ್ನುತ್ತಿದ್ದಳು.

ಒಂದಾದ ಮೇಲೊಂದು ಎರಡೂ ಕಣ್ಣಿನ ಆಪರೇಷನ್ ಆಯಿತು. ಕಪ್ಪು ಕನ್ನಡಕ ತೆಗೆಯಬಹುದು ಎಂದ ದಿನ ಆಕೆ ನೇರ ಅಂಗಡಿಗೆ ನಡೆದಳು, ಜೊತೆಗೆ ನಾನು. ಸೇಠ್ ಕಪಾಟಿನ ದೀಪ ಹಾಕಿದ. ಹಿಗ್ಗಿನಿಂದ ಮುಂದೆ ಹೋದವಳು ಗಾಜಿನ ಮುಂದೆ ನಿಂತುಬಿಟ್ಟಳು. ಒಬ್ಬೊಬ್ಬ ಪೈಲ್ವಾನನನ್ನೂ ತೆಗೆದು, ತಿರುಗಿಸಿ, ಕೆಳತುಟಿಗೆ ತಾಗಿಸಿ, ಮತ್ತೆ ಇಟ್ಟಳು.

“ಎಷ್ಟ ತೊಟ್ಟು ಬಿಟ್ಟೀನ್ರಿ ನಾ!” ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ನಿಮಗ ಕಾಣ್ತಿದ್ದುವಲ್ಲ?”

“ಕಾಣ್ತಿದ್ವು.”

“ಯಾಕ ಹೇಳಲಿಲ್ಲ?”

“ನಿಮಗ ಬ್ಯಾಸರ ಆಗ್ತದ ಅಂತ...”

“ಸೇಠ ಹೇಳಂಗಿಲ್ಲ, ಅವಗ ವ್ಯಾಪಾರ. ಮಂದಿ ಹೇಳಂಗಿಲ್ಲ, ಅವರಿಗೆ ನಾ ಯಾರೋ. ನನ್ನ ಕಣ್ಣಿಗೆ ಪೊರಿ ಬಂದಿತ್ರಿ ಅಕ್ಕೋರ. ನಿಮಗೇನಾಗಿತ್ತು?”

ಬೈದಿದ್ದರೆ ತಾಳಿಕೊಳ್ಳುತ್ತಿದ್ದೆ. ಆಕೆ ನಿಜವಾಗಿಯೂ ಕೇಳುತ್ತಿದ್ದಳು. ನಾನು ಮೊದಲನೆಯ ತೊಟ್ಟು ಕಂಡ ದಿನವೇ ಬಾಯಿಬಿಟ್ಟಿದ್ದರೆ ಆಕೆ ಆಗಲೇ ಡಾಕ್ಟರ ಹತ್ತಿರ ಹೋಗುತ್ತಿದ್ದಳು. ನಾಚಿಕೆಯಿಂದ ಮನೆಗೆ ಬಂದೆ.

ಒಂದೂವರೆ ತಿಂಗಳು ಆಕೆ ನನ್ನ ಜೊತೆ ಮಾತಾಡಲಿಲ್ಲ. ಹೋದಾಗಲೆಲ್ಲ “ಕೆಲಸ ಐತ್ರಿ” ಎನ್ನುವಳು. ಕೆಲಸ ಇದ್ದದ್ದು ನಿಜವೇ. ಸೇಠ್ ಎಷ್ಟು ಬೇಡವೆಂದರೂ ಕೇಳದೆ ಕಪಾಟಿನ ಪೈಲ್ವಾನರನ್ನೆಲ್ಲ ಕೆಳಗಿಳಿಸಿ, ಬಿಚ್ಚಿ, ಪ್ರತಿ ಕಾಯಿಯ ತೊಟ್ಟು ತೆಗೆದು ಮತ್ತೆ ಜೋಡಿಸುತ್ತಿದ್ದಳು. ಒತ್ತಿ ಕೂರಿಸಿದ ಪ್ಲಾಸ್ಟಿಕ್ಕನ್ನು ಬಿಚ್ಚುವುದು ಜೋಡಿಸುವುದಕ್ಕಿಂತ ಕಷ್ಟ. ತುಸು ಜೋರಾದರೆ ಒಳಗಿನ ಮೊಳೆ ಮುರಿದು ಕೀಲು ಸಡಿಲವಾಗುತ್ತದೆ. ಆಕೆ ಹಳೆಯ ಮೊಬೈಲ್ ಸಿಮ್ಮಿನ ಕಾರ್ಡನ್ನು ತಿಕ್ಕಿ ತೆಳ್ಳಗೆ ಮಾಡಿ, ಸಂದಿಯಲ್ಲಿ ತೂರಿಸಿ, ಮಗುವಿನ ಕಿವಿಯ ಓಲೆ ಬಿಚ್ಚುವಷ್ಟು ನಿಧಾನಕ್ಕೆ ಬಿಚ್ಚುತ್ತಿದ್ದಳು. ಒಂದೇ ಒಂದು ಕಾಯಿ ಮುರಿಯಲಿಲ್ಲ. ಮಾತಿಲ್ಲದಿದ್ದರೂ ನಾನು ಮೆಟ್ಟಿಲ ಹತ್ತಿರ ನಿಂತು ನೋಡುತ್ತಿದ್ದೆ. ಅಷ್ಟು ದೊಡ್ಡ ಕೆಲಸವನ್ನು ಅಷ್ಟು ಚಿಕ್ಕ ಜಾಗದಲ್ಲಿ ಯಾರೂ ಮಾಡಿದ್ದನ್ನು ನಾನು ಕಂಡಿಲ್ಲ.

ಅಂಗಡಿಯ ಕಪಾಟಿನದು ಮುಗಿದ ವಾರದ ಭಾನುವಾರ ಬೆಳಿಗ್ಗೆ ದಹಿಸರಿನ ನಮ್ಮ ಬಾಗಿಲು ತಟ್ಟಿದಳು. ಕೈಯಲ್ಲಿ ಕಟರಿನ ಚೀಲ. ಒಳಗೆ ಬಂದವಳೇ ಕಪಾಟಿನಿಂದ ನನ್ನ ಬಿಳಿ-ನೀಲಿ ಪೈಲ್ವಾನನನ್ನು ಇಳಿಸಿ ನನ್ನ ಅಂಗೈ ಮೇಲಿಟ್ಟಳು.

“ಹೇಳ್ರಿ, ಎಷ್ಟು ತೊಟ್ಟು ಅದಾವ?”

ಕಿಟಕಿಯ ಬೆಳಕಿಗೆ ಹಿಡಿದು, ಪರೀಕ್ಷೆಗೆ ಕುಳಿತ ಮಗುವಿನಂತೆ ಎಣಿಸಿದೆ. “ಒಂಬತ್ತು,” ಎಂದೆ.

“ಹನ್ನೊಂದ ಅದಾವ. ಇನ್ನೂ ಎರಡು ಬಚ್ಚಿಟ್ಟೀರಿ.”

“ಇಲ್ರೀ, ಖರೇನ ಕಾಣಲಿಲ್ಲ!”

ಆಕೆ ನನ್ನನ್ನೇ ನೋಡಿ ನಕ್ಕಳು. ನೆಲದ ಮೇಲೆ ಚಾದರ ಹಾಸಿ ಸಂಜೆಯವರೆಗೂ ಕುಳಿತು ಬಿಚ್ಚಿದಳು, ತಿಕ್ಕಿದಳು, ಜೋಡಿಸಿದಳು. ಹತ್ತು ತೊಟ್ಟು ಹೋದವು. ಹನ್ನೊಂದನೆಯದು ಮೊಣಕಾಲ ಹಿಂದಿನದು. ಅದನ್ನು ನನ್ನ ಕೈಗಿಟ್ಟು, “ಇದು ನಿಮ್ಮ ಪಾಲಿಂದು,” ಎಂದಳು. ಕಟರ್ ಹಿಡಿದೆ, ತೊಟ್ಟು ತೆಗೆದೆ, ಉಜ್ಜುಕಾಗದದಿಂದ ತಿಕ್ಕಿದೆ. ಭಕ್ತಿ ಹೆಚ್ಚಾಗಿ ಇನ್ನೂ ಸ್ವಲ್ಪ ತಿಕ್ಕಿದೆ. ಅಕ್ಕಿಕಾಳಿನಷ್ಟು ಕುಳಿ ಬಿತ್ತು. ಲಗಮವ್ವ ಅದನ್ನು ತುಟಿಗೆ ತಾಗಿಸಿ ನೋಡಿದಳು.

“ಕೆಡಿಸಿದ್ರಿ ಅಕ್ಕೋರ,” ಎಂದಳು.

ಅಷ್ಟೇ. ಸಮಾಧಾನದ ಒಂದು ಮಾತೂ ಮುಂದೆ ಬರಲಿಲ್ಲ. ಕೆಡಿಸಿದ್ದನ್ನು ಕೆಡಿಸಿದ್ರಿ ಎಂದು ಹೇಳಿ, ಅದೇ ಮೊಣಕಾಲನ್ನು ಜೋಡಿಸಿ, ಪೈಲ್ವಾನನನ್ನು ನಿಲ್ಲಿಸಿ, ನಾನು ಮಾಡಿದ ಚಹಾ ಕುಡಿದು ಹೋದಳು. ಆ ಒಂದು ಮಾತು ಕೇಳಿ ನನಗೆ ಯಾಕಷ್ಟು ಸಂತೋಷವಾಯಿತೋ ಗೊತ್ತಿಲ್ಲ. ಮರುದಿನದಿಂದ ಮಕ್ಕಳ ನೋಟುಬುಕ್ಕುಗಳ ಮೇಲೆ ನನ್ನ ಕೆಂಪು ಶಾಯಿ ಸ್ವಲ್ಪ ಹೆಚ್ಚು ಖರ್ಚಾಗತೊಡಗಿತು.

ಆಮೇಲೆ ಮೂರು ವರ್ಷ ಆಕೆ ಒಂದೂ ತೊಟ್ಟು ಬಿಡದೆ ಪೈಲ್ವಾನರನ್ನು ನಿಲ್ಲಿಸಿದಳು. ಪ್ರತಿಯೊಬ್ಬನನ್ನೂ ನನ್ನ ಅಂಗೈ ಮೇಲಿಟ್ಟಳು, ನಾನೂ ಕನ್ನಡಕ ಏರಿಸಿ, ಹುಡುಕಿ, ಕಂಡದ್ದನ್ನು ಹೇಳಿದೆ. ಕಳೆದ ವರ್ಷ ಊರಿನಲ್ಲಿದ್ದ ಮಗಳ ಮನೆಯ ತೊಟ್ಟಿಲ ಕಾರ್ಯಕ್ಕೆಂದು ಜಮಖಂಡಿಗೆ ಹೋದಳು. ಅಲ್ಲೇ ಎದೆನೋವು ಬಂದು ತೀರಿಕೊಂಡಳು. ಸುದ್ದಿ ನನಗೆ ಸೇಠನಿಂದ ತಿಳಿಯಿತು. ಮೆಟ್ಟಿಲ ಕೆಳಗೆ ಈಗ ರಟ್ಟಿನ ಪೆಟ್ಟಿಗೆಗಳನ್ನು ಪೇರಿಸಿದ್ದಾರೆ.

ಬಿಳಿ-ನೀಲಿ ಪೈಲ್ವಾನ ನಮ್ಮ ಮನೆಯಲ್ಲಿದ್ದಾನೆ. ಬಂದವರೆಲ್ಲ ಅವನ ಮುಂದೆ ನಿಲ್ಲುತ್ತಾರೆ, ಎಷ್ಟು ಚೆಂದ, ಯಾರು ಮಾಡಿದ್ದು ಎನ್ನುತ್ತಾರೆ. ನಾನು ಅವನನ್ನು ಕೈಗೆ ತೆಗೆದುಕೊಂಡು, ಹಿಂದೆ ತಿರುಗಿಸಿ, ಮೊಣಕಾಲ ಕುಳಿ ತೋರಿಸಿ, ಇದೊಂದು ಮಾತ್ರ ನಾನು ಮಾಡಿದ್ದು ಎಂದು ಹೇಳುತ್ತೇನೆ. ಅವರು ಬಗ್ಗಿ ನೋಡಿ, “ಅಯ್ಯೋ, ಇದೇನು ಕಾಣೋದೇ ಇಲ್ಲ, ಚೆನ್ನಾಗೇ ಇದೆ ಬಿಡಿ,” ಎನ್ನುತ್ತಾರೆ. ಒಬ್ಬರಾದರೂ “ಕೆಡಿಸಿದ್ರಿ” ಎನ್ನಲಿ ಎಂದು ಪ್ರತಿ ಸಲವೂ ಕಾಯುತ್ತೇನೆ. ಯಾರೂ ಅನ್ನುವುದಿಲ್ಲ.